ಲಿವರ್ ಮೆತ್ತಗಾಗಿದೆ

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿಯುವವನು ತನ್ನ ಬೆವರಿನ ಬಹುಪಾಲನ್ನು ಗಾಳಿಗೇ ಅರ್ಪಿಸುತ್ತಾನೆ. ಸಮತಟ್ಟು ರಸ್ತೆಯಲ್ಲಿ ಅವನ ಶಕ್ತಿಯ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಗಾಳಿಯನ್ನು ಪಕ್ಕಕ್ಕೆ ಸರಿಸುವುದಕ್ಕೇ ಖರ್ಚಾಗುತ್ತದೆ. ಚೈನು, ಟೈರು, ಬೇರಿಂಗುಗಳು ಉಳಿದ ಚೂರುಪಾರು ಹಂಚಿಕೊಳ್ಳುತ್ತವೆ. ಆ ಗಾಳಿಯ ತಡೆಯಲ್ಲೂ ಸೈಕಲ್ಲಿನ ಪಾಲು ಕಾಲು ಭಾಗದಷ್ಟು, ಮಿಕ್ಕಿದ್ದೆಲ್ಲ ಮೇಲೆ ಕೂತ ಮಹಾನುಭಾವನ ಮೈಯದು. ಆ ಕಾಲು ಭಾಗದಲ್ಲಿ ಬ್ರೇಕಿನ ಪಾಲು ಎಷ್ಟೆಂದು ಹುಡುಕಲು ಭೂತಗನ್ನಡಿ ಬೇಕು. ಈ ಲೆಕ್ಕವೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೂ ಹೊಟ್ಟೆಯ ತಂಟೆಗೆ ಹೋಗದೆ ಬ್ರೇಕಿಗೆ ಕೈ ಹಾಕಿದೆ. ಹೊಟ್ಟೆ ಕರಗಬೇಕಾದರೆ ರಾತ್ರಿಯ ಅನ್ನ ಬಿಡಬೇಕು. ಬ್ರೇಕಿಗಾದರೆ ಒಂದು ಕಟ್ಟು ಅಲೆನ್ ಕೀ ಸಾಕು, ಅದನ್ನು ಊಟವಾದ ಮೇಲೂ ತಿರುಗಿಸಬಹುದು.

ಚೆನ್ನೈಯಲ್ಲಿ ಸೈಕಲ್ ಹುಚ್ಚಿರುವವರೆಲ್ಲ ಭಾನುವಾರ ಬೆಳಗಿನ ಜಾವ ಒಂದೇ ದಾರಿ ಹಿಡಿಯುತ್ತಾರೆ. ತಿರುವಾನ್ಮಿಯೂರು ದಾಟಿದರೆ ಈಸ್ಟ್ ಕೋಸ್ಟ್ ರೋಡ್. ನೀಲಾಂಗರೈ, ಉತ್ತಂಡಿಯ ಟೋಲ್‌ಗೇಟು, ಮುಟ್ಟುಕಾಡಿನ ಹಿನ್ನೀರು, ಕೋವಳಂ. ತೊಡೆಯಲ್ಲಿ ಕಸುವಿದ್ದವರಿಗೆ ಮಹಾಬಲಿಪುರ. ತೀರ್ಥಹಳ್ಳಿ ಕಡೆಯ ಘಾಟಿಗಳನ್ನು ನೋಡಿ ಬೆಳೆದ ನನಗೆ ಈ ಊರಿನ ಸಪಾಟುತನ ಇವತ್ತಿಗೂ ಅನುಮಾನ ಹುಟ್ಟಿಸುತ್ತದೆ. ಇಲ್ಲಿ ಏರು ಅಂದರೆ ಫ್ಲೈಓವರ್, ಇಳಿಜಾರು ಅಂದರೂ ಅದೇ ಫ್ಲೈಓವರಿನ ಆಚೆ ಬದಿ. ಹೀಗಾಗಿ ಇಲ್ಲಿನ ಸೈಕಲ್ ಸವಾರರಿಗೆ ಬ್ರೇಕಿನಿಂದ ಆಗುವ ಮುಖ್ಯ ಉಪಯೋಗ ನಿಲ್ಲಿಸುವುದಲ್ಲ, ತೋರಿಸುವುದು. ಕಾಫಿಗೆ ಇಳಿದಾಗ ಸೈಕಲ್ಲುಗಳನ್ನು ಗೋಡೆಗೆ ಒರಗಿಸುತ್ತಾರೆ. ಆಮೇಲೆ ಒಬ್ಬರ ಸೈಕಲ್ಲಿನ ಬ್ರೇಕ್ ಲಿವರನ್ನು ಇನ್ನೊಬ್ಬರು ಒತ್ತಿ ನೋಡುತ್ತಾರೆ. ಗಟ್ಟಿಯಾಗಿದ್ದರೆ ಹುಬ್ಬು ಮೇಲೇರುತ್ತದೆ. ಮೆತ್ತಗಿದ್ದರೆ ಏನೂ ಹೇಳದೆ ಕಾಫಿ ಲೋಟದ ಕಡೆ ನೋಡುತ್ತಾರೆ. ಅದಕ್ಕಿಂತ ದೊಡ್ಡ ಬೈಗುಳ ಆ ರಸ್ತೆಯಲ್ಲಿಲ್ಲ.

ನನ್ನ ಹಳೆಯ ಸೈಕಲ್ಲನ್ನು ಯಾರೂ ಒತ್ತಿಯೂ ನೋಡುತ್ತಿರಲಿಲ್ಲ. ಆ ಅವಮಾನದಲ್ಲಿ ಕುದಿಯುತ್ತಿದ್ದಾಗಲೇ ವಿದೇಶಕ್ಕೆ ಹೊರಟಿದ್ದ ತರುಣನೊಬ್ಬ ತನ್ನ ಟೈಮ್ ಟ್ರಯಲ್ ಸೈಕಲ್ಲನ್ನು ಮಾರುತ್ತಿರುವ ಸುದ್ದಿ ಬಂತು. ಟೈಮ್ ಟ್ರಯಲ್ ಅಂದರೆ ಗುಂಪಿಲ್ಲದೆ ಒಬ್ಬನೇ ಗಡಿಯಾರದ ವಿರುದ್ಧ ಓಡುವ ಪಂದ್ಯ. ಅದರ ಸೈಕಲ್ಲಿನಲ್ಲಿ ಮೊಣಕೈಯನ್ನು ಹ್ಯಾಂಡಲಿನ ಮೇಲೆ ಊರಿ, ತಲೆ ತಗ್ಗಿಸಿ, ಬೆನ್ನನ್ನು ನೆಲಕ್ಕೆ ಸಮಾನಾಂತರ ಮಾಡಿಕೊಂಡು ಕೂರಬೇಕು. ನಾನು ಹಾಗೆ ಕೂತಾಗ ತೊಡೆ ಮೇಲೆ ಬರುತ್ತದೆ, ಹೊಟ್ಟೆ ಕೆಳಗೆ ಬರುತ್ತದೆ, ಎರಡೂ ಮಧ್ಯದಲ್ಲಿ ಭೇಟಿಯಾಗುತ್ತವೆ. ಅದು ಬೇರೆ ವಿಷಯ. ಬೆಲೆ ನನ್ನ ಕೈಗೆಟುಕುವಂತಿತ್ತು. ಅದಕ್ಕೂ ಕಾರಣವಿತ್ತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2018ರ ಜುಲೈಯಲ್ಲಿ ರಸ್ತೆ ಪಂದ್ಯಗಳಿಗೆ ಡಿಸ್ಕ್ ಬ್ರೇಕನ್ನು ಪೂರ್ತಿಯಾಗಿ ಒಪ್ಪಿಕೊಂಡ ಮೇಲೆ, ರಿಮ್ಮನ್ನು ಹಿಡಿದು ನಿಲ್ಲಿಸುವ ಹಳೇ ಜಾತಿಯ ಬ್ರೇಕಿಗೆ ಕೇಳುವವರಿಲ್ಲವಾಯಿತು. ಜಗತ್ತು ಕೈಬಿಟ್ಟದ್ದನ್ನು ಅರ್ಧ ಬೆಲೆಗೆ ಕೊಂಡು ಬುದ್ಧಿವಂತನಾದೆನೆಂದು ಬೀಗುವುದು ನಮ್ಮ ವಂಶದ ಹಳೆಯ ಪದ್ಧತಿ.

ಈ ಬ್ರೇಕಿನ ವಿಶೇಷವೆಂದರೆ ಅದು ಕಾಣುವುದಿಲ್ಲ. ಮುಂದಿನದು ಫೋರ್ಕಿನ ಮೈಗೆ ಅಂಟಿಕೊಂಡು, ಮೇಲೊಂದು ನುಣ್ಣನೆಯ ಮುಚ್ಚಳ ಹೊದ್ದು ಕೂತಿದೆ. ಹಿಂದಿನದು ಸೀಟಿನ ಕೆಳಗೆ ಇರಬೇಕಾದ ಜಾಗದಲ್ಲಿಲ್ಲ. ಪೆಡಲಿನ ಬುಡದ ಹಿಂದೆ, ನೆಲಕ್ಕೆ ಗೇಣಿನ ಎತ್ತರದಲ್ಲಿ, ಕೆಸರು ಸಿಡಿಯುವ ಕಡೆ ಅಡಗಿಕೊಂಡಿದೆ. ವೈರುಗಳೂ ಹೊರಗೆ ಕಾಣುವುದಿಲ್ಲ. ಹ್ಯಾಂಡಲಿನ ಹೊಟ್ಟೆಯೊಳಗೆ ನುಗ್ಗಿ, ಕತ್ತಲಲ್ಲಿ ಒಂದೆರಡು ಕಡೆ ಕಡಿದಾಗಿ ತಿರುಗಿ, ಫ್ರೇಮಿನೊಳಗೆ ಹರಿದು, ಹಿಂದೆಲ್ಲೋ ಹೊರಬರುತ್ತವೆ. ಎಲ್ಲವೂ ಗಾಳಿಗೆ ಅಡ್ಡವಾಗಬಾರದೆಂಬ ಕಾರಣಕ್ಕೆ. ಇದರಿಂದ ನಾಲ್ಕಾರು ವ್ಯಾಟ್ ಉಳಿಯುತ್ತದೆಂದು ತಯಾರಕರು ಹೇಳುವುದು 40ರ ಮೇಲಿನ ವೇಗದ ಲೆಕ್ಕದಲ್ಲಿ. ನನ್ನ ವೇಗ ಅದರ ಅರ್ಧ. ವೇಗ ಅರ್ಧವಾದರೆ ಗಾಳಿಗೆ ತೆರುವ ಶಕ್ತಿ ಎಂಟರಲ್ಲೊಂದಕ್ಕೆ ಇಳಿಯುತ್ತದೆ. ನನ್ನ ಪಾಲಿಗೆ ಉಳಿಯುವ ವ್ಯಾಟಿನಲ್ಲಿ ದೇವರ ಮನೆಯ ಸೀರಿಯಲ್ ಬಲ್ಬೂ ನೆಟ್ಟಗೆ ಉರಿಯಲಿಕ್ಕಿಲ್ಲ.

ನನಗಿಂತ ದೊಡ್ಡವರೂ ಈ ಹುಚ್ಚಿಗೆ ಬಿದ್ದಿದ್ದರು ಎಂಬುದೊಂದು ಸಮಾಧಾನ. ಜಪಾನಿನ ಶಿಮಾನೊ 1981ರಲ್ಲೇ ಡ್ಯೂರಾ-ಏಸ್ ಎಎಕ್ಸ್ ಎಂಬ ಹೆಸರಿನಲ್ಲಿ ಗಾಳಿ ಸೀಳುವ ಬಿಡಿಭಾಗಗಳನ್ನು ತಂದಿತು. ಇಟಲಿಯ ಕಂಪಾನ್ಯೋಲೊ 1980ರ ದಶಕದ ನಡುವೆ ಡೆಲ್ಟಾ ಎಂಬ ತ್ರಿಕೋನಾಕಾರದ ಬ್ರೇಕ್ ಮಾಡಿತು. ಅಷ್ಟು ಚೆಂದದ ಬ್ರೇಕು ಅದಕ್ಕೆ ಮೊದಲೂ ಬಂದಿಲ್ಲ, ಆಮೇಲೂ ಬಂದಿಲ್ಲ ಅನ್ನುವವರಿದ್ದಾರೆ. ಅದರ ಹೊಟ್ಟೆಯೊಳಗೆ ನಾಲ್ಕು ಸಣ್ಣ ಸರಳುಗಳ ವಜ್ರಾಕೃತಿಯೊಂದಿದೆ. ವೈರು ಎಳೆದರೆ ವಜ್ರ ಚಪ್ಪಟೆಯಾಗಿ ಅಕ್ಕಪಕ್ಕಕ್ಕೆ ಹಿಗ್ಗಿ ಬ್ರೇಕಿನ ತೋಳುಗಳನ್ನು ತಳ್ಳುತ್ತದೆ. ಎಷ್ಟು ಚಪ್ಪಟೆಯಾದಾಗ ರಬ್ಬರು ರಿಮ್ಮಿಗೆ ತಾಗುತ್ತದೆ ಎಂಬುದರ ಮೇಲೆ ಹಿಡಿತದ ಬಲ ಬದಲಾಗುತ್ತದೆ. ಅಂದರೆ ರಿಮ್ಮಿನ ಅಗಲ ಬದಲಿಸಿದರೂ ರಬ್ಬರು ಸವೆದರೂ ಬ್ರೇಕಿನ ಸ್ವಭಾವವೇ ಬೇರೆ. ವೈರ್ ಬಿಗಿಯುವ ಬೋಲ್ಟಿಗೆ ಯಾರ ಮನೆಯಲ್ಲೂ ಇಲ್ಲದ ಮೂರೂವರೆ ಮಿಲಿಮೀಟರಿನ ಅಲೆನ್ ಕೀ ಬೇಕು. ನೋಡಲು ಇಟ್ಟುಕೊಂಡವರು ಇವತ್ತಿಗೂ ಸುಖವಾಗಿದ್ದಾರೆ.

ಸೈಕಲ್ ಮನೆಗೆ ಬಂದ ಮೇಲೆ ಮೊದಲು ಒಯ್ದದ್ದು ನಮ್ಮ ಮೈಲಾಪುರದ ಗಲ್ಲಿಯಲ್ಲಿ ಮರದ ಕೆಳಗೆ ಪಂಕ್ಚರ್ ಹಾಕುವ ಅಣ್ಣನ ಹತ್ತಿರ. ಮುಂದೆ ಒಂದು ಬಾಣಲೆ ನೀರು, ಪಕ್ಕದಲ್ಲೊಂದು ಪಂಪು, ತಲೆಯ ಮೇಲೆ ಕೊಂಬೆಗೆ ನೇತುಹಾಕಿದ ಹಳೇ ಟೈರುಗಳು, ಇಷ್ಟೇ ಅಂಗಡಿ. ಅವರು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಗ್ಗಿ ನೋಡಿದರು. ಕುಕ್ಕರುಗಾಲಲ್ಲಿ ಕೂತು ನೋಡಿದರು.

“ಬ್ರೇಕ್ ಎಂಗೆ ಸಾರ್? ಕಾಣೋಮೇ!”

ಅದೇ ಅದರ ಹೆಚ್ಚುಗಾರಿಕೆ ಎಂದು, ಬ್ಯಾಂಕಿನ ಕೆಲಸದಲ್ಲಿ ಕಲಿತ ನನ್ನ ತಮಿಳಿನಲ್ಲಿ ಗಾಳಿಯ ಶಾಸ್ತ್ರ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಟೈರಿಗೆ ಗಾಳಿ ಹಾಕಿ, ದುಡ್ಡು ತೆಗೆದುಕೊಳ್ಳದೆ ಕಳಿಸಿದರು. ಆ ಔದಾರ್ಯದ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಭಾನುವಾರ ಕಾಫಿಯ ಹೊತ್ತಿಗೆ ನನ್ನ ಸೈಕಲ್ಲಿನ ಸುತ್ತ ಮೊದಲ ಬಾರಿ ಜನ ಸೇರಿದರು. ಫೋಟೋ ತೆಗೆದರು. ಕೊನೆಗೆ ಗುಂಪಿನ ಹಿರಿಯರೊಬ್ಬರು, ಮಂಡಿಚಿಪ್ಪು ಬದಲಿಸಿಕೊಂಡ ಮೇಲೂ ಮಹಾಬಲಿಪುರ ಬಿಡದವರು, ಲಿವರಿಗೆ ಕೈಯಿಟ್ಟರು. ಹಲಸಿನ ಹಣ್ಣು ಕಳಿತಿದೆಯೋ ಎಂದು ಒತ್ತಿ ನೋಡುವವರ ಮುಖದಲ್ಲಿ ಬೆರಳು ಒಳಗೆ ಹೋದಾಗ ಯಾವ ಭಾವ ಮೂಡುತ್ತದೋ ಅದು ಅವರ ಮುಖದಲ್ಲಿ ಮೂಡಿತು. ಲಿವರು ಹೋಯಿತು, ಹೋಯಿತು, ಹ್ಯಾಂಡಲಿಗೆ ತಾಗಿ ನಿಂತಿತು. ಅವರು ಕಾಫಿ ಲೋಟದ ಕಡೆ ನೋಡಿದರು.

ಅವತ್ತು ಮಧ್ಯಾಹ್ನ ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. “ಲಿವರ್ ಪೂರ್ತಿ ಮೆತ್ತಗಾಗಿದೆ ಕಣೋ. ಒತ್ತಿದರೆ ಒಳಗೇ ಹೋಗ್ತದೆ. ಇಷ್ಟು ವರ್ಷ ನೋಡಿಕೊಳ್ಳದೇ ಬಿಟ್ಟಿದ್ದಾರೆ, ಒಳಗೆಲ್ಲ ತುಕ್ಕು ಹಿಡಿದಿರಬೇಕು. ಬಿಚ್ಚಿಯೇ ನೋಡಬೇಕು.” ಅವನು ಸ್ಪೀಕರಿನಲ್ಲಿ ಹಾಕಿದ್ದ. ಅಮ್ಮ ಅವನ ಮನೆಯಲ್ಲಿದ್ದರು.

“ಎಂತದಾ ಅದು ಮಗಾ? ಯಾವ ಡಾಕ್ಟ್ರು ಒತ್ತಿ ನೋಡಿದ್ದು?”

“ಡಾಕ್ಟ್ರಲ್ಲ ಅಮ್ಮ, ಸೈಕಲ್ ಗುಂಪಿನ ಹಿರಿಯರೊಬ್ಬರು.”

“ಅಯ್ಯೋ ಮಾರಾಯ, ಸೈಕಲ್ಲಿನವರ ಹತ್ರ ಯಾಕೆ ಹೊಟ್ಟೆ ತೋರಿಸ್ಲಿಕ್ಕೆ ಹೋದೆ?”

ಬ್ರೇಕ್ ಎಂದು ನಾನು, ಹೊಟ್ಟೆ ಎಂದು ಅವರು. ಬಿಡಿಸಿ ಹೇಳುವಷ್ಟರಲ್ಲಿ ಫೋನು ಅತ್ತಿಗೆ, ಚಿಕ್ಕಮ್ಮ, ಚಿಕ್ಕಮ್ಮನ ಸೊಸೆಯ ಕೈದಾಟಿ ಹೋಗಿತ್ತು. ವಾರದೊಳಗೆ ಊರಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಒಂದು ಕಟ್ಟು ಒಣಗಿಸಿದ ನೆಲನೆಲ್ಲಿ ಬಂತು. ಕಾಮಾಲೆಗೆ ನಮ್ಮ ಕಡೆ ಕೊಡುವುದು ಅದನ್ನೇ. ಮಜ್ಜಿಗೆಯಲ್ಲಿ ಕದಡಿ ಖಾಲಿ ಹೊಟ್ಟೆಗೆ ಕುಡಿಯಬೇಕೆಂಬ ಚೀಟಿಯೂ ಇತ್ತು. ನನ್ನವಳು ಬಿಡಲಿಲ್ಲ. “ಕುಡೀರಿ. ಬ್ರೇಕಿಗೆ ಆಗದಿದ್ದರೂ ನಿಮಗಾಗುತ್ತೆ” ಎಂದಳು.

ಸರಿ, ಬಿಚ್ಚಿದೆ. ಒಳಗಿನ ವೈರು ನಾನು ಊಹಿಸಿದ್ದಂತೆಯೇ ತುಕ್ಕು ಹಿಡಿದಿತ್ತು. ಸಮುದ್ರದಿಂದ ಬರುವ ಉಪ್ಪುಗಾಳಿ ಈ ಊರಿನಲ್ಲಿ ಕಿಟಕಿಯ ಸರಳನ್ನೂ ಬಿಡುವುದಿಲ್ಲ, ವೈರನ್ನು ಬಿಡುತ್ತದೆಯೇ? ಹಳೆಯದನ್ನು ಎಳೆದು ಬಿಸಾಡಿದೆ. ಎಳೆಯುವ ಮುನ್ನ ಅದರ ಬಾಲಕ್ಕೆ ಒಂದು ದಾರ ಕಟ್ಟಬೇಕು, ಆ ದಾರದ ಜೊತೆ ಹೊಸ ವೈರು ಒಳಹೋಗುತ್ತದೆ ಎಂಬುದು ಹ್ಯಾಂಡಲಿನೊಳಗೆ ವೈರು ಹಾಯಿಸುವ ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ. ಗೊತ್ತಿದ್ದವರು ಯಾರೂ ಅವತ್ತು ನಮ್ಮ ಮನೆಯಲ್ಲಿರಲಿಲ್ಲ. ಹೊಸ ವೈರನ್ನು ಒಂದು ತೂತಿನಿಂದ ತೂರಿಸಿದರೆ ಅದು ಇನ್ನೊಂದು ತೂತನ್ನು ಬಿಟ್ಟು ಉಳಿದ ಎಲ್ಲ ಕಡೆಗೂ ಹೋಯಿತು.

ಆಗ ನೆನಪಾದದ್ದು ವ್ಯಾಕ್ಯೂಮ್ ಕ್ಲೀನರ್. ಈ ಉಪಾಯ ನನ್ನದಲ್ಲ, ದೊಡ್ಡ ದೊಡ್ಡ ಮೆಕ್ಯಾನಿಕ್ಕರೂ ಮಾಡುತ್ತಾರೆ. ಒಂದು ತುದಿಯಲ್ಲಿ ದಾರದ ಎಳೆ ಹಿಡಿದು, ಇನ್ನೊಂದು ತುದಿಗೆ ಕ್ಲೀನರಿನ ಮೂತಿ ಒತ್ತಿ ಗುಂಡಿ ಅದುಮಿದರೆ, ಗಾಳಿಯ ಸೆಳೆತಕ್ಕೆ ದಾರ ಕತ್ತಲ ದಾರಿಯನ್ನೆಲ್ಲ ದಾಟಿ ಹೊರಬರುತ್ತದೆ. ಹೊಲಿಗೆ ಡಬ್ಬಿಯಿಂದ ರೇಷ್ಮೆ ದಾರದ ಉಂಡೆ ತಂದೆ. ಗುಂಡಿ ಅದುಮಿದೆ. ದಾರ ಸರ್ರನೆ ಹೋಯಿತು. ಹೋಗುತ್ತಲೇ ಇತ್ತು. ಈಚೆ ತುದಿಯನ್ನು ಯಾರಾದರೂ ಹಿಡಿದಿರಬೇಕು ಎಂಬುದು ನನಗೆ ತೋಚಿದಾಗ ಉಂಡೆ ಖಾಲಿಯಾಗಿತ್ತು. ಅದು ರವಿಕೆಯ ಅಂಚಿಗೆಂದು ಟಿ. ನಗರದಲ್ಲಿ ಅಂಗಡಿ ಅಂಗಡಿ ಸುತ್ತಿ ಬಣ್ಣ ಹೊಂದಿಸಿ ತಂದ ದಾರವಂತೆ. ಕ್ಲೀನರಿನ ಚೀಲದಿಂದ ಅದನ್ನು ಬಿಡಿಸಿ ತೆಗೆಯುವ ಕೆಲಸಕ್ಕೆ ಆ ಸಂಜೆ ಪೂರ್ತಿ ಹೋಯಿತು. ಬ್ರೇಕಿನ ಕೆಲಸಕ್ಕಿಂತ ನಾಜೂಕಿನ ಕೆಲಸ.

ಮುಂದಿನ ಪಾಠ ಔಟರಿನದು. ವೈರಿನ ಮೇಲಿರುವ ಹೊದಿಕೆಯನ್ನು ನಮ್ಮ ಸೈಕಲ್ ಅಂಗಡಿಗಳಲ್ಲಿ ಔಟರ್ ಅನ್ನುತ್ತಾರೆ. ಲಿವರ್ ಮೆತ್ತಗಾಗುವುದರಲ್ಲಿ ಬಹುಪಾಲು ಅಪರಾಧ ಇದರದ್ದೇ. ಹೊಸ ವೈರು ಹಾಕಿದ ಮೇಲೆ ‘ವೈರು ಹಿಗ್ಗಿದೆ’ ಅನ್ನುತ್ತಾರಲ್ಲ, ಉಕ್ಕಿನ ವೈರು ಅಷ್ಟು ಸುಲಭಕ್ಕೆ ಹಿಗ್ಗುವ ಪೈಕಿಯಲ್ಲ. ಔಟರಿನ ತುದಿಗಳು ಕೂಡುವ ಕಡೆ ಸರಿಯಾಗಿ ಕೂರದೆ ಇರುವುದೇ ಹಿಗ್ಗಿದಂತೆ ಕಾಣುತ್ತದೆ. ಅಡುಗೆಮನೆಯ ಇಕ್ಕಳದಲ್ಲಿ ಕತ್ತರಿಸಿದರೆ ತುದಿ ಓರೆಯಾಗುತ್ತದೆ, ಒಳಗಿನ ತಂತಿ ಚೂಪಾಗಿ ಹೊರಗಿಣುಕುತ್ತದೆ. ಅದನ್ನು ಅರದಲ್ಲಿ ಉಜ್ಜಿ ಸಪಾಟು ಮಾಡಿ, ಟೋಪಿ ತೊಡಿಸಿ, ಜಾಗಕ್ಕೆ ಕೂರಿಸಿ, ಲಿವರನ್ನು ಬಲವಾಗಿ ಹತ್ತಾರು ಸಲ ಎಳೆದು ಬಿಡಬೇಕು. ಇದನ್ನು ಮಾತ್ರ ನಾನು ನಿಷ್ಠೆಯಿಂದ ಮಾಡಿದೆ. ಅರದ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದು, ಏನಾದರೂ ಕಟ್ಟಡದ ಕೆಲಸ ನಡೆಯುತ್ತಿದೆಯೇ ಎಂದು ವಿನಯದಿಂದ ವಿಚಾರಿಸಿ ಹೋದರು.

ಬ್ರೇಕನ್ನು ಜೋಡಿಸುವಾಗ ಎರಡು ಕೈ ಸಾಲುವುದಿಲ್ಲ. ರಬ್ಬರನ್ನು ರಿಮ್ಮಿಗೆ ಅದುಮಲು ಒಂದು, ವೈರನ್ನು ಎಳೆದು ಹಿಡಿಯಲು ಒಂದು, ಬೋಲ್ಟು ಬಿಗಿಯಲು ಒಂದು. ಈ ಕಷ್ಟಕ್ಕೆಂದೇ ಮೂರನೇ ಕೈ ಎಂಬ ಸಲಕರಣೆಯೊಂದು ಮಾರುಕಟ್ಟೆಯಲ್ಲಿದೆ. ನಾನು ಮದುವೆಯಾಗಿದ್ದರಿಂದ ಕೊಳ್ಳಲಿಲ್ಲ. ಅವಳು ಒಂದು ಕೈಯಲ್ಲಿ ರಿಮ್ಮನ್ನೂ ಇನ್ನೊಂದರಲ್ಲಿ ಮೊಬೈಲನ್ನೂ ಹಿಡಿದು, ತಾಳ್ಮೆಯಿಂದ ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಕಛೇರಿ ಕೇಳುತ್ತ ಕೂತಳು. ತನಿ ಆವರ್ತನದ ಕೊನೆಗೆ ತಾಳ ಹಾಕಲು ಕೈ ಬಿಟ್ಟಳು. ವೈರು ಜಾರಿತು. ಅಲ್ಲಿಂದ ಮತ್ತೆ ಪಲ್ಲವಿ.

ಹಿಂದಿನ ಬ್ರೇಕಿನ ಕಥೆ ಬೇರೆ. ಅದನ್ನು ಕಾಣಬೇಕಾದರೆ ಅಂಗಾತ ಮಲಗಬೇಕು. ತಾರಸಿಯಲ್ಲಿ ಚಾಪೆ ಹಾಸಿ, ಸೈಕಲ್ಲಿನ ಕೆಳಗೆ ತಲೆ ತೂರಿಸಿ ಮಲಗಿದೆ. ಎದುರು ತಾರಸಿಯಲ್ಲಿ ವಡಾಮ್, ಅಂದರೆ ಸಂಡಿಗೆ, ಒಣಹಾಕುತ್ತಿದ್ದ ಮಾಮಿ, ‘ಇವರಿಗೆ ಏನೋ ಆಗಿದೆ, ಅಲ್ಲಾಡುತ್ತಿಲ್ಲ’ ಎಂದು ನಮ್ಮ ಮನೆಗೆ ಫೋನ್ ಮಾಡಿದರು. ಅಲ್ಲಾಡದಿದ್ದದ್ದು ಏಕಾಗ್ರತೆಯಿಂದ. ರಬ್ಬರಿನ ಮುಂತುದಿ ಹಿಂತುದಿಗಿಂತ ಒಂದು ಕೂದಲೆಳೆ ಮೊದಲು ರಿಮ್ಮಿಗೆ ತಾಗಬೇಕು, ಇಲ್ಲವಾದರೆ ಬ್ರೇಕು ಕಿರುಚುತ್ತದೆ. ಅದಕ್ಕೆ ರಬ್ಬರಿನ ಹಿಂತುದಿಯಲ್ಲಿ ಒಂದು ಕಾರ್ಡು ಸಿಕ್ಕಿಸಿ ಬೋಲ್ಟು ಬಿಗಿಯುವುದು ಪದ್ಧತಿ. ನಾನು ನನ್ನ ವಿಸಿಟಿಂಗ್ ಕಾರ್ಡ್ ಸಿಕ್ಕಿಸಿದೆ. ಬ್ಯಾಂಕಿನಲ್ಲಿ ಇಷ್ಟು ವರ್ಷ ದುಡಿದು, ಆ ಕಾರ್ಡು ಮೊದಲ ಬಾರಿಗೆ ಕೆಲಸಕ್ಕೆ ಬಂತು. ಆದರೆ ಹೀಗೆ ಓರೆಯಿಟ್ಟ ರಬ್ಬರು ಒತ್ತಿದಾಗ ಮೊದಲು ಬಾಗಿ ಆಮೇಲೆ ಪೂರ್ತಿ ತಾಗುವುದರಿಂದ ಲಿವರಿಗೆ ಒಂದು ತೂಕ ಮೆತ್ತನೆತನ ಬಂದೇ ಬರುತ್ತದೆ. ಕಿರುಚದ ಬ್ರೇಕು ಬೇಕೋ, ಗಟ್ಟಿ ಲಿವರು ಬೇಕೋ? ಕಾಫಿ ಲೋಟದ ಕಡೆ ನೋಡಿದ ಆ ಹಿರಿಯರ ಮುಖ ಕಣ್ಣಮುಂದೆ ಬಂತು. ಕಾರ್ಡನ್ನು ಕಿತ್ತೆಸೆದೆ.

ಇಷ್ಟಾದರೂ ಲಿವರು ನಾನು ಬಯಸಿದಷ್ಟು ಗಟ್ಟಿಯಾಗಲಿಲ್ಲ. ಆಗ ನನ್ನ ಬುದ್ಧಿ ಚುರುಕಾಯಿತು. ನಮ್ಮ ವಂಶದಲ್ಲಿ ಬುದ್ಧಿ ಚುರುಕಾದಾಗಲೆಲ್ಲ ಮನೆಮಂದಿ ಎಚ್ಚರದಿಂದಿರುವುದು ವಾಡಿಕೆ.

ಬ್ರೇಕಿನ ಔಟರಿನೊಳಗೆ ಚಪ್ಪಟೆ ಉಕ್ಕಿನ ತಂತಿಯನ್ನು ಸುರುಳಿ ಸುತ್ತಿರುತ್ತಾರೆ. ಸುರುಳಿಯಾದ್ದರಿಂದ ಒತ್ತಡ ಬಿದ್ದಾಗ ತುಸು ಕುಗ್ಗುತ್ತದೆ. ಗೇರಿನ ಔಟರ್ ಹಾಗಲ್ಲ. ಅದರಲ್ಲಿ ತಂತಿಗಳು ಉದ್ದುದ್ದಕ್ಕೆ ನೇರವಾಗಿ ನಿಂತಿರುತ್ತವೆ, ಹಾಗಾಗಿ ಕುಗ್ಗುವುದಿಲ್ಲ. ಕುಗ್ಗದ್ದು ಬೇಕು, ಕುಗ್ಗದ್ದು ಅಲ್ಲಿದೆ. ಗೇರಿನ ಔಟರನ್ನು ಬ್ರೇಕಿಗೆ ಹಾಕಿದರೆ? ಇಷ್ಟು ಸರಳವಾದದ್ದು ಜಪಾನಿನವರಿಗೂ ಇಟಲಿಯವರಿಗೂ ಯಾಕೆ ಹೊಳೆದಿಲ್ಲ ಎಂದು ಅವರ ಬಗ್ಗೆ ಕನಿಕರವಾಯಿತು. ಹಿಂದಿನ ಬ್ರೇಕಿಗೆ ಅದನ್ನೇ ಹಾಕಿದೆ. ಮುಂದಿನದಕ್ಕೆ ಇನ್ನೊಂದು ಉಪಾಯ: ಹೊಸ ಲಿವರು ತರಿಸಿದೆ. ವಿ-ಬ್ರೇಕ್ ಎಂಬ ಇನ್ನೊಂದು ಜಾತಿಯ ಬ್ರೇಕಿಗೆ ಮಾತ್ರ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಪೆಟ್ಟಿಗೆಯ ಮೇಲೆ ಬರೆದದ್ದನ್ನೆಲ್ಲ ನಂಬಿದರೆ ನಾವು ಫೇರ್‌ನೆಸ್ ಕ್ರೀಮನ್ನೂ ನಂಬಬೇಕಾಗುತ್ತದೆ. ಆ ಲಿವರನ್ನು ಒಂಚೂರು ಎಳೆದರೂ ಬಹಳಷ್ಟು ವೈರು ಎಳೆಯುತ್ತದೆ. ಒತ್ತಿದೊಡನೆ ರಬ್ಬರು ಪಟ್ಟನೆ ರಿಮ್ಮಿಗೆ ಬಡಿದು ನಿಲ್ಲುತ್ತಿತ್ತು. ಇನ್ನೂ ಒತ್ತಿದರೆ ಬಗ್ಗುವುದು ನನ್ನ ಬೆರಳೇ.

ಶನಿವಾರ ಸಂಜೆ ಗುಂಪಿನವರನ್ನು ಮನೆಗೇ ಕಾಫಿಗೆ ಕರೆದೆ. ಸೈಕಲ್ಲನ್ನು ಹಜಾರದಲ್ಲಿ, ದೀಪದ ಕೆಳಗೆ ನಿಲ್ಲಿಸಿದ್ದೆ. ಒಬ್ಬೊಬ್ಬರಾಗಿ ಒತ್ತಿದರು. ಹುಬ್ಬುಗಳು ಏರಿದವು. ಆ ಹಿರಿಯರು ಎರಡೂ ಲಿವರುಗಳನ್ನು ಒತ್ತಿ, ಒತ್ತಿದ ಕೈಯನ್ನೇ ಒಮ್ಮೆ ನೋಡಿಕೊಂಡು, “ಸೂಪರ್ ಸಾರ್” ಎಂದರು. ಆ ರಾತ್ರಿ ನಾನು ನೆಲನೆಲ್ಲಿ ಕುಡಿಯಲಿಲ್ಲ.

ಮಾರನೆಯ ಬೆಳಿಗ್ಗೆ, ಮಾರ್ಗಳಿಯ ಚಳಿ. ಚೆನ್ನೈಯ ಚಳಿ ಅಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವಷ್ಟು. ಮೈಲಾಪುರಕ್ಕೆ ಆ ತಿಂಗಳ ನಸುಕಿನಲ್ಲಿ ಬೇರೆಯೇ ಕಳೆ. ಕಪಾಲೀಶ್ವರ ದೇವಸ್ಥಾನದ ಮಾಡ ಬೀದಿಗಳಲ್ಲಿ ಭಜನೆಯವರು ಹಾಡುತ್ತ ಸುತ್ತು ಬರುತ್ತಾರೆ. ಮನೆಮನೆಯ ಮುಂದೆ ನೀರು ಚಿಮುಕಿಸಿ ರಂಗೋಲಿ, ಅಂದರೆ ಕೋಲ, ಹಾಕುತ್ತಾರೆ. ಗಲ್ಲಿಯ ತಿರುವಿನ ಮನೆಯ ಮಾಮಿ ಬೀದಿಯ ಈ ಅಂಚಿನಿಂದ ಆ ಅಂಚಿನವರೆಗೆ ಚುಕ್ಕಿಯಿಟ್ಟು, ಗೆರೆಯನ್ನು ಎಲ್ಲೂ ಕಡಿಯದೆ ಸುತ್ತಿ ಸುತ್ತಿ ತಂದು, ಕೊನೆಯ ಸುತ್ತನ್ನು ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನೇರವಾಗುತ್ತಿದ್ದರು. ಮೊಣಕೈ ಊರಿ, ತಲೆ ತಗ್ಗಿಸಿ, ಗಾಳಿ ಸೀಳುತ್ತ ನಾನು ಬಂದೆ.

ಅವರನ್ನು ಕಂಡದ್ದೇ ಮುಂದಿನ ಬ್ರೇಕ್ ಒತ್ತಿದೆ. ಲಿವರು ಗಟ್ಟಿಯಾಗಿತ್ತು. ಬಹಳ ಗಟ್ಟಿಯಾಗಿತ್ತು. ಸೈಕಲ್ಲಿಗೆ ಅದರ ಸುದ್ದಿ ಮುಟ್ಟಿದಂತೆ ಕಾಣಲಿಲ್ಲ. ಹಿಂದಿನದನ್ನು ಬಲವಾಗಿ ಒತ್ತಿದೆ. ಅದೂ ಗಟ್ಟಿಯಾಗಿತ್ತು, ಒಂದು ಕ್ಷಣ. ಆಮೇಲೆ ಹ್ಯಾಂಡಲಿನ ಬುಡದಲ್ಲಿ ‘ಟಪ್’ ಎಂದಿತು. ಔಟರಿನ ಪ್ಲಾಸ್ಟಿಕ್ಕು ಸೀಳಿ, ನೆಟ್ಟಗೆ ನಿಂತಿದ್ದ ತಂತಿಗಳು ನಾಲ್ಕೂ ಕಡೆ ಕೆದರಿಕೊಂಡು ಹೊರಬಂದವು. ಲಿವರು ಹ್ಯಾಂಡಲಿಗೆ ಅಂಟಿಕೊಂಡಿತು. ಸೈಕಲ್ಲು ಚುಕ್ಕಿಗಳನ್ನು ಒಂದೂ ಬಿಡದೆ ಎಣಿಸುತ್ತ ಕೋಲವನ್ನು ದಾಟಿತು. ಆಚೆ ಕೈಪಂಪಿನ ಮುಂದೆ ಸರದಿಗಿಟ್ಟಿದ್ದ ಪ್ಲಾಸ್ಟಿಕ್ ಕೊಡಗಳಿದ್ದವು. ಹಸಿರು, ಕೇಸರಿ, ನೀಲಿ, ಎಲ್ಲ ಖಾಲಿ, ನನ್ನ ಪುಣ್ಯ. ಅವುಗಳ ನಡುವೆ ನಾನು ನಿಂತೆ. ನಿಂತೆ ಅನ್ನುವುದು ಗೌರವಕ್ಕೆ ಬಳಸಿದ ಮಾತು. ಭಜನೆಯವರು ಅದೇ ಹೊತ್ತಿಗೆ ತಿರುವಿಗೆ ಬಂದರು. ಕೊಡಗಳು ಉರುಳಿದ ಸದ್ದಿಗೆ ಜಾಲರ ಹಿಡಿದಿದ್ದ ಹುಡುಗ ಒಂದು ಪೆಟ್ಟು ತಪ್ಪಿಸಿದ, ಹಾಡು ನಿಲ್ಲಲಿಲ್ಲ.

ಆ ಮಾಮಿಯ ಮನೆಮಾತು ಹಳೇ ಮದರಾಸಿನ ಕನ್ನಡ. ಈ ಬೀದಿಗಳಲ್ಲಿ ಅಂಥ ಮನೆಗಳು ತಲೆಮಾರುಗಳಿಂದ ಇವೆ. ಅವರು ನಿಧಾನವಾಗಿ ಬಂದು ನನ್ನನ್ನು ನೋಡಿದರು.

“ಗಾಡಿಗೆ ಬ್ರೇಕ್ ಇಲ್ವೇನಪ್ಪಾ?”

“ಇದೆ ಮಾಮಿ. ಕಾಣೋದಿಲ್ಲ ಅಷ್ಟೆ.”

“ಹಾಗಾ. ಚಕ್ರದ ಗೆರೆ ಮಾತ್ರ ಚೆನ್ನಾಗಿ ಕಾಣ್ತದೆ” ಎಂದು ಅವರು ಕೋಲದ ಬಟ್ಟಲು ತೆಗೆದುಕೊಂಡರು.

ನನ್ನನ್ನು ಎತ್ತಿದವನು ಸೈಕಲ್ಲಿನಲ್ಲಿ ಟೀ ಕ್ಯಾನು ಕಟ್ಟಿಕೊಂಡು ಮಾರುವ ಹುಡುಗ. ಸೈಕಲ್ಲು ಹಳೇ ಹರ್ಕ್ಯುಲಿಸ್, ಬಹುಶಃ ಅವನ ತಾತನ ಕಾಲದ್ದು. ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ 1949ರಲ್ಲಿ ಹರ್ಕ್ಯುಲಿಸ್ ಮಾಡುವ ಟಿ.ಐ. ಸೈಕಲ್ಸ್ ಕಟ್ಟಿದ್ದು ಇದೇ ಊರಿನಲ್ಲಿ. ನಮ್ಮೂರಿನ ಪೋಸ್ಟ್‌ಮ್ಯಾನಿನ ಹರ್ಕ್ಯುಲಿಸ್ಸೂ ಇಲ್ಲಿನ ಅಂಬತ್ತೂರಿನ ಕೂಸೇ ಇರಬೇಕು. ಕೊಡಗಳ ನಡುವೆ ಕೂತೇ ನಾನು ಅಭ್ಯಾಸಬಲದಿಂದ ಆ ಹುಡುಗನ ಲಿವರನ್ನು ಒತ್ತಿ ನೋಡಿದೆ. ಗಟ್ಟಿ! ಈಸ್ಟ್ ಕೋಸ್ಟ್ ರೋಡಿನಲ್ಲಿ ಯಾರೂ ಕಂಡಿರದಷ್ಟು ಗಟ್ಟಿ. ಯಾಕಿರಬಾರದು? ಅದರಲ್ಲಿ ವೈರೇ ಇಲ್ಲ, ಔಟರೂ ಇಲ್ಲ. ಲಿವರಿನಿಂದ ರಿಮ್ಮಿನವರೆಗೆ ಕಬ್ಬಿಣದ ಸರಳು. ಕುಗ್ಗುವುದಕ್ಕೆ ಏನಿದೆ ಅದರಲ್ಲಿ?

“ಬ್ರೇಕ್ ತುಂಬಾ ಚೆನ್ನಾಗಿದೆಯಪ್ಪ” ಎಂದೆ, ನನ್ನ ತಮಿಳಿನಲ್ಲಿ.

ಅವನಿಗೆ ನಗು ಬಂತು. ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದರೆ ಆ ಬ್ರೇಕು ಹಿಡಿಯುವುದೇ ಇಲ್ಲವಂತೆ. ಹಾಗಾದರೆ ಮಳೆಗಾಲದಲ್ಲಿ ಹೇಗೆ ನಿಲ್ಲಿಸುತ್ತೀ ಎಂದು ಕೇಳಿದೆ.

“ಕಾಲ್ ಇರುಕ್ಕೇ ಸಾರ್!” ಎಂದು ಸವೆದ ಚಪ್ಪಲಿ ತೋರಿಸಿದ.

ಸೈಕಲ್ಲನ್ನು ತಳ್ಳಿಕೊಂಡು ಮರದ ಕೆಳಗಿನ ಅಣ್ಣನ ಹತ್ತಿರ ಹೋದೆ. ಅವರು ಕೆದರಿದ ತಂತಿಗಳನ್ನು ನೋಡಿದರು, ವಿ-ಬ್ರೇಕಿನ ಲಿವರನ್ನು ಒತ್ತಿ ನೋಡಿದರು. “ಇದು ನಿಕ್ಕಾದು ಸಾರ್” ಎಂದು ಎರಡನ್ನೂ ಬಿಚ್ಚಲು ಕೂತರು. ವಿ-ಬ್ರೇಕಿನ ಉದ್ದ ತೋಳುಗಳಿಗೆ ಹೆಚ್ಚು ವೈರು ಬೇಕು. ಅದಕ್ಕೆಂದೇ ಆ ಲಿವರು ಮಾಮೂಲಿನ ಸುಮಾರು ಎರಡರಷ್ಟು ವೈರು ಎಳೆಯುತ್ತದೆ. ಎರಡರಷ್ಟು ಎಳೆದರೆ ಬಲ ಅರ್ಧ. ಮೇಲಿನಿಂದ ಗಟ್ಟಿ, ಒಳಗೆ ಬಲವಿಲ್ಲ. ಗೇರಿನ ಔಟರಿನ ತಂತಿಗಳನ್ನು ಒಟ್ಟಿಗೆ ಹಿಡಿದಿರುವುದು ಬರೀ ಪ್ಲಾಸ್ಟಿಕ್ಕು. ಗೇರು ಬದಲಿಸುವಷ್ಟು ಎಳೆತಕ್ಕೆ ಅದು ಸಾಕು, ಗಾಬರಿಬಿದ್ದವನು ಬ್ರೇಕ್ ಹಿಡಿಯುವಷ್ಟಕ್ಕೆ ಸಾಲದು. ನೇರ ತಂತಿಯ ಮೇಲೆ ಕೆವ್ಲರ್ ಹೆಣೆದ, ಕುಗ್ಗದ ಔಟರು ಬ್ರೇಕಿಗೆಂದೇ ಬೇರೆ ಸಿಗುತ್ತದೆ. ಜಪಾನಿಗೂ ಇಟಲಿಗೂ ಹೊಳೆದಿತ್ತು ಅಂತಾಯಿತು.

ಅಮೆರಿಕದಲ್ಲಿ ಶೆಲ್ಡನ್ ಬ್ರೌನ್ ಎಂಬ ಮೆಕ್ಯಾನಿಕ್ ಇದ್ದರು, 2008ರಲ್ಲಿ ತೀರಿಕೊಂಡರು. ಜಗತ್ತಿನ ಅರ್ಧ ಸೈಕಲ್ ಹುಚ್ಚರಿಗೆ ಗುರು. ನಿಂತ ಸೈಕಲ್ಲಿನಲ್ಲಿ ಲಿವರ್ ಒತ್ತಿ ಗಟ್ಟಿ ಎಂದು ಮೆಚ್ಚುವವರನ್ನು ಅವರು ಎಂದೋ ಎಚ್ಚರಿಸಿ ಬರೆದಿದ್ದರು. ಹಿಡಿತ ಬಲವಾಗಿರುವ ಬ್ರೇಕು ರಬ್ಬರನ್ನೂ ತೋಳನ್ನೂ ಅದುಮಿ ಬಗ್ಗಿಸುವುದರಿಂದ ಕೈಗೆ ತುಸು ಮೆತ್ತಗೇ ಅನಿಸುತ್ತದೆ. ಗಟ್ಟಿ ಅನಿಸುವುದು ಹಲವು ಸಲ ಬಲಹೀನ ಬ್ರೇಕು. ಇದನ್ನು ನಾನು ಎಲ್ಲ ಮುಗಿದ ಮೇಲೆ, ಮಂಡಿಗೆ ಮುಲಾಮು ಹಚ್ಚಿಕೊಂಡು ಓದಿದೆ. ಅಣ್ಣ ಓದಿರಲಿಲ್ಲ, ಅವರಿಗೆ ಅಗತ್ಯವೂ ಇರಲಿಲ್ಲ.

ಈಗ ಹಳೆಯ ಲಿವರು ವಾಪಸ್ಸಾಗಿದೆ, ಬ್ರೇಕಿನದೇ ಔಟರು ಬಂದಿದೆ, ವಿಸಿಟಿಂಗ್ ಕಾರ್ಡಿನಷ್ಟು ಓರೆಯೂ ರಬ್ಬರಿಗೆ ಮರಳಿದೆ. ಒತ್ತಿದರೆ ಮೊದಲು ಒಂಚೂರು ಒಳಗೆ ಹೋಗುತ್ತದೆ, ಆಮೇಲೆ ಸೈಕಲ್ಲು ನಿಲ್ಲುತ್ತದೆ. ಕಾಫಿಯ ಹೊತ್ತಿಗೆ ಗುಂಪಿನವರು ಒತ್ತಿ ನೋಡಿ ಲೋಟದ ಕಡೆ ತಿರುಗುವುದು ಮುಂದುವರಿದಿದೆ. ನಿಮಗೂ ಒತ್ತಿ ನೋಡಬೇಕೆನಿಸಿದರೆ ಮೈಲಾಪುರಕ್ಕೆ ಬನ್ನಿ, ನೆಲನೆಲ್ಲಿ ಬೇಕಿದ್ದರೆ ಅದೂ ಅರ್ಧ ಕಟ್ಟು ಉಳಿದಿದೆ. ಗಲ್ಲಿಯ ತಿರುವಿನಲ್ಲಿ ಮಾತ್ರ ದಯವಿಟ್ಟು ಸೈಕಲ್ಲಿನಿಂದ ಇಳಿದು, ಅಂಚಿನಲ್ಲಿ ನಡೆದುಕೊಂಡು ಬನ್ನಿ. ಮಾಮಿ ಈಗ ಇನ್ನೂ ದೊಡ್ಡ ಕೋಲ ಹಾಕುತ್ತಿದ್ದಾರೆ.